ಮೈಸೂರ ಮಲ್ಲಿಗೆಯ ಕವಿ ಆಮೇಲೆ ಏನು ಬರೆದರು?

ಬೆಂಗಳೂರಿನ ಹನುಮಂತನಗರ, ಗವಿಪುರ, ಎನ್.ಆರ್. ಕಾಲೊನಿ, ಬಸವನಗುಡಿ. ಈ ಕಡೆ ಭಾವಗೀತೆಯ ಕಾರ್ಯಕ್ರಮಗಳಿಗೆ ಬರವಿಲ್ಲ. ಹನುಮಂತನಗರದ ಕೆ.ಎಚ್. ಕಲಾಸೌಧದಲ್ಲೋ ಎನ್.ಆರ್. ಕಾಲೊನಿಯ ಸಿ. ಅಶ್ವಥ್ ಕಲಾಭವನದಲ್ಲೋ ಒಂದು ಸಂಜೆ ಕುಳಿತರೆ ಸಾಕು, ಕೆ.ಎಸ್. ನರಸಿಂಹಸ್ವಾಮಿಯವರ ಹಾಡು ಕಿವಿಗೆ ಬೀಳದೆ ಇರುವುದಿಲ್ಲ. ಹಾಡುವವರು ಬೇರೆ ಬೇರೆ, ಕೇಳುವವರು ಬೇರೆ ಬೇರೆ. ಆದರೆ ಜನ ಕೇಳಿ ಹಾಡಿಸುವ ಹಾಡುಗಳು ಹೆಚ್ಚುಕಡಿಮೆ ಅವೇ. ಮಾವನ ಮನೆಗೆ ಬಂದ ಅಳಿಯನ ಹಾಡು, ಬಳೆಗಾರನ ಹಾಡು, ಹೆಂಡತಿಯನ್ನು ತವರಿಗೆ ಕಳಿಸಿ ಒಬ್ಬನೇ ಉಳಿದ ಗಂಡನ ಹಾಡು.

ನಮ್ಮ ಊರುಗಳಲ್ಲೂ ಇದೇ ಕತೆ. ಮದುವೆ ಮನೆಯ ಮೈಕಿನಲ್ಲಿ, ಶಾಲೆಯ ವಾರ್ಷಿಕೋತ್ಸವದಲ್ಲಿ, ಈಗ ಮೊಬೈಲಿನಲ್ಲಿ, ಎಲ್ಲ ಕಡೆ ಅವೇ ಹಾಡು.

ಈ ಹಾಡುಗಳಲ್ಲಿ ಹೆಚ್ಚಿನವು ಒಂದೇ ಪುಸ್ತಕದವು. ಅದು 'ಮೈಸೂರ ಮಲ್ಲಿಗೆ'. ಬಂದದ್ದು 1942ರಲ್ಲಿ. ಆಗ ಕವಿಗೆ 27 ವರ್ಷ. ಅವರು ತೀರಿಕೊಂಡದ್ದು 2003ರ ಡಿಸೆಂಬರಿನಲ್ಲಿ, 88ನೇ ವಯಸ್ಸಿನಲ್ಲಿ. ಅಂದರೆ ಆ ಪುಸ್ತಕ ಬಂದ ಮೇಲೆ ಇನ್ನೂ 61 ವರ್ಷ ಬದುಕಿದ್ದರು. ಸುಮ್ಮನೆ ಕುಳಿತಿರಲಿಲ್ಲ, ಕೊನೆಯವರೆಗೂ ಬರೆದರು.

ಹಾಗಾದರೆ ಆ 61 ವರ್ಷದ ಹಾಡುಗಳು ಎಲ್ಲಿ ಹೋದವು? ಮದುಮಗ ಸಂಸಾರಸ್ಥನಾದಾಗ, ಸಂಸಾರಸ್ಥ ನಿವೃತ್ತನಾದಾಗ, ನಿವೃತ್ತ ಮುದುಕನಾದಾಗ ಆ ಕವಿ ಏನು ಬರೆದರು? ಅದು ನಮ್ಮವರೆಗೆ ಯಾಕೆ ಬರಲಿಲ್ಲ? ಈ ಲೇಖನ ಅದರ ಬಗ್ಗೆ.

ಹಾಡಿನ ತಂಡ ಅಂದರೆ ಯಾರು?

ಇಷ್ಟದ ಹಾಡಿನ ತಂಡದ ಬಗ್ಗೆ ಎಲ್ಲ ದೇಶದ ಅಭಿಮಾನಿಗಳೂ ಒಂದು ಮಾತು ಹೇಳುತ್ತಾರೆ: 'ಮೊದಲಿನ ಹಾಡುಗಳೇ ಚೆನ್ನಾಗಿದ್ದವು.' ಇಂಗ್ಲೆಂಡಿನ ಬೀಟಲ್ಸ್ ತಂಡವನ್ನೇ ನೋಡಿ. ಲಿವರ್‌ಪೂಲ್ ಊರಿನ ನಾಲ್ವರು ಹುಡುಗರು 1963ರ ಸುಮಾರಿಗೆ ಹರೆಯದ ಪ್ರೇಮದ ಹಾಡು ಕಟ್ಟಿ ಹೆಸರು ಮಾಡಿದರು. 1966ರಲ್ಲಿ ಊರೂರು ತಿರುಗಿ ಹಾಡುವುದನ್ನು ನಿಲ್ಲಿಸಿದರು. 1968ರಲ್ಲಿ ನಮ್ಮ ಹೃಷಿಕೇಶಕ್ಕೆ ಬಂದು ಧ್ಯಾನ ಕಲಿತರು. 1970ರಲ್ಲಿ ಬೇರೆ ಬೇರೆಯಾದರು. ಇಷ್ಟರಲ್ಲಿ ಅವರ ಹಾಡು ಪೂರ್ತಿ ಬದಲಾಗಿತ್ತು. ಕೆಲವರಿಗೆ ಹಿಡಿಸಿತು, ಕೆಲವರಿಗೆ ಹಿಡಿಸಲಿಲ್ಲ. ಆದರೆ ಒಂದಂತೂ ನಿಜ, ಒಂದಾದ ಮೇಲೊಂದು ರೆಕಾರ್ಡ್ ಬರುತ್ತಿದ್ದುದರಿಂದ ಆ ಬದಲಾವಣೆ ಕೇಳುಗರ ಕಿವಿಗೆ ಬಿತ್ತು.

ಕನ್ನಡದ ಭಾವಗೀತೆಯಲ್ಲಿ ಲೆಕ್ಕ ಬೇರೆ. ಇಲ್ಲಿ ಮಾತು ಕಟ್ಟುವವರು ಒಬ್ಬರು, ರಾಗ ಹಾಕುವವರು ಇನ್ನೊಬ್ಬರು, ಹಾಡುವವರು ಮತ್ತೊಬ್ಬರು. ಇವರೆಲ್ಲ ಸೇರಿದರೇ ತಂಡ. ಆದರೆ ಇವರ ವಯಸ್ಸು ಒಂದೇ ಅಲ್ಲ, ಕಾಲವೂ ಒಂದೇ ಅಲ್ಲ. 1942ರಲ್ಲಿ ಬರೆದ ಮಾತಿಗೆ 40 ವರ್ಷ ಬಿಟ್ಟು ರಾಗ ಕೂಡಬಹುದು.

ಇನ್ನೊಂದು ಸಂಗತಿ. ಈ ತಂಡದಲ್ಲಿ ಬಹಳ ಜನ ಹಾಡನ್ನೇ ನಂಬಿ ಬದುಕಿದವರಲ್ಲ. ನರಸಿಂಹಸ್ವಾಮಿ ಸರ್ಕಾರಿ ನೌಕರ. 'ನಿತ್ಯೋತ್ಸವ'ದ ಕವಿ ಕೆ.ಎಸ್. ನಿಸಾರ್ ಅಹಮದ್ ಕಾಲೇಜಿನಲ್ಲಿ ಭೂವಿಜ್ಞಾನದ ಮೇಷ್ಟ್ರು. ಶಿವಮೊಗ್ಗ ಸುಬ್ಬಣ್ಣ ವಕೀಲರು. ಸಿ. ಅಶ್ವಥ್ ಬೆಂಗಳೂರಿನ ಐ.ಟಿ.ಐ. ಟೆಲಿಫೋನ್ ಕಾರ್ಖಾನೆಯಲ್ಲಿ 27 ವರ್ಷ ದುಡಿದವರು. ಹಗಲು ಕೆಲಸ, ಸಂಜೆ ಹಾಡು. ಅವರ ಬದುಕು ನಮ್ಮ ನಿಮ್ಮ ಮನೆಯವರ ಬದುಕಿನಂತೆಯೇ ಇತ್ತು. ಅದಕ್ಕೇ ಆ ಬದುಕು ಹಾಡಿನಲ್ಲಿ ಹೇಗೆ ಬಂತು ಎಂದು ಹುಡುಕುವುದರಲ್ಲಿ ಅರ್ಥವಿದೆ.

ಕಿಕ್ಕೇರಿಯ ಹುಡುಗ, ತಿಪಟೂರಿನ ಅಳಿಯ

ನರಸಿಂಹಸ್ವಾಮಿ ಹುಟ್ಟಿದ್ದು 1915ರ ಜನವರಿ 26ರಂದು, ಈಗಿನ ಮಂಡ್ಯ ಜಿಲ್ಲೆ ಕೆ.ಆರ್. ಪೇಟೆ ತಾಲೂಕಿನ ಕಿಕ್ಕೇರಿಯಲ್ಲಿ. ಓದು ಮೈಸೂರು, ಬೆಂಗಳೂರಿನಲ್ಲಿ. ಪದವಿ ಮುಗಿಸಲು ಆಗಲಿಲ್ಲ. 1936ರಲ್ಲಿ ತಿಪಟೂರಿನ ವೆಂಕಮ್ಮನವರ ಜೊತೆ ಮದುವೆ. ಮರುವರ್ಷ ಸರ್ಕಾರಿ ಕೆಲಸ. ಮೈಸೂರು, ನಂಜನಗೂಡು, ಬೆಂಗಳೂರು ಎಂದು ಕಚೇರಿಯ ಬದುಕು.

'ಮೈಸೂರ ಮಲ್ಲಿಗೆ' ಈ ಹೊಸ ಸಂಸಾರದಲ್ಲಿ ಅರಳಿದ ಪುಸ್ತಕ. ಪ್ರೇಮದ ಹಾಡು ಅಂದರೆ ಸಾಮಾನ್ಯವಾಗಿ ಮದುವೆಯ ಹತ್ತಿರ ಬಂದು ನಿಲ್ಲುತ್ತದೆ. ಸಿನಿಮಾದಲ್ಲಿ ತಾಳಿ ಕಟ್ಟಿದ ಕೂಡಲೇ ಪರದೆ ಬೀಳುವುದಿಲ್ಲವೇ, ಹಾಗೆ. ಈ ಕವಿ ಅಲ್ಲಿಂದಲೇ ಶುರುಮಾಡಿದರು. ಇವರ ಪ್ರೇಮಿಗಳು ಗಂಡ ಹೆಂಡತಿ. ಅವರ ಸುತ್ತ ಅತ್ತೆ, ಮಾವ, ನಾದಿನಿ, ಶಾನುಭೋಗರು, ಅವರ ಮಗಳು, ಬಳೆಗಾರ, ಬಂಡಿಯ ದಾರಿ ಎಲ್ಲ ಇವೆ. ನವಿಲೂರು ಅಂತ ಒಂದು ಊರೇ ಇದೆ. ಭೂಪಟದಲ್ಲಿ ಹುಡುಕಬೇಕಾಗಿಲ್ಲ, ಓದಿದವರಿಗೆಲ್ಲ ಅದು ತಮ್ಮದೇ ಊರು ಅನ್ನಿಸುತ್ತದೆ.

ಬಳೆಗಾರನ ಹಾಡನ್ನೇ ತೆಗೆದುಕೊಳ್ಳಿ. ಫೋನು ಇಲ್ಲದ ಕಾಲ. ತವರಿಗೆ ಹೋದ ಹೆಂಡತಿ ಹೇಗಿದ್ದಾಳೆ ಎಂದು ಗಂಡನಿಗೆ ಹೇಳುವವರು ಯಾರು? ಊರೂರು ತಿರುಗುವ ಬಳೆಗಾರ. ಬಳೆಯ ಮಲಾರದ ಜೊತೆಗೆ ಸುದ್ದಿಯನ್ನೂ ಹೊತ್ತು ತರುವವನು ಅವನೇ. ಆ ಹಾಡಿನಲ್ಲಿ ಪ್ರೇಮದ ಮಾತನ್ನು ಪ್ರೇಮಿಗಳು ಆಡುವುದೇ ಇಲ್ಲ, ಬಳೆ ಮಾರಲು ಬಂದವನು ಆಡುತ್ತಾನೆ. ಹಳ್ಳಿಯಲ್ಲಿ ಎಷ್ಟೋ ಮಾತುಗಳು ಹೀಗೆ ಮೂರನೆಯವರ ಬಾಯಲ್ಲೇ ಮನೆ ಮುಟ್ಟುತ್ತವೆ ಎಂಬುದು ನಮಗೆಲ್ಲ ಗೊತ್ತು.

ಈ ದಾರಿ ಕಾಣಿಸಿದವರಲ್ಲಿ ಒಬ್ಬರು ದೂರದ ಸ್ಕಾಟ್ಲೆಂಡಿನ ರೈತನ ಮಗ ರಾಬರ್ಟ್ ಬರ್ನ್ಸ್. 1759ರಲ್ಲಿ ಹುಟ್ಟಿ 1796ರಲ್ಲಿ, 37ನೇ ವಯಸ್ಸಿಗೇ ತೀರಿಕೊಂಡ ಕವಿ. ಹೊಲ ಉತ್ತವನು, ಆಮೇಲೆ ಸುಂಕದ ಇಲಾಖೆಯಲ್ಲಿ ನೌಕರಿಗೆ ಸೇರಿದವನು. ತನ್ನ ಹಳ್ಳಿಯ ಆಡುಮಾತಿನಲ್ಲಿ, ಜನಪದದ ಮಟ್ಟುಗಳಿಗೆ ಹಾಡು ಕಟ್ಟಿದವನು. ಅವನ ಪ್ರೇಮಗೀತೆಗಳನ್ನು ನರಸಿಂಹಸ್ವಾಮಿ ಕನ್ನಡಕ್ಕೆ ತಂದರು. ಬರ್ನ್ಸ್ ಹರೆಯದ ಪ್ರೇಮವನ್ನೂ ಬರೆದ, ಜೊತೆಯಾಗಿ ಮುದುಕರಾದ ಗಂಡ ಹೆಂಡತಿಯ ಪ್ರೇಮವನ್ನೂ ಬರೆದ. ಆದರೆ ಅವನು ಮುದುಕನಾಗಲು ಬದುಕಿರಲಿಲ್ಲ. ನಮ್ಮ ಕವಿ ಬದುಕಿದ್ದರು.

ಪುಸ್ತಕದ ಹೆಸರುಗಳೇ ಹೇಳುವ ಕತೆ

ಕವಿಯ ಬದುಕು ಬದಲಾದದ್ದನ್ನು ನೋಡಲು ಒಂದು ಸುಲಭ ದಾರಿ ಇದೆ. ಅವರ ಪುಸ್ತಕಗಳ ಹೆಸರುಗಳನ್ನು ಸಾಲಾಗಿ ಇಟ್ಟು ನೋಡಿ.

1942: ಮೈಸೂರ ಮಲ್ಲಿಗೆ.
1945: ಐರಾವತ.
1947: ದೀಪದ ಮಲ್ಲಿ.
1952: ಇರುವಂತಿಗೆ.
1958: ಶಿಲಾಲತೆ.
1960: ಮನೆಯಿಂದ ಮನೆಗೆ.
1976: ತೆರೆದ ಬಾಗಿಲು.
1983: ನವಪಲ್ಲವ.
1993: ದುಂಡುಮಲ್ಲಿಗೆ.

ಮೊದಲು ಹೂವು. ಆಮೇಲೆ ದೀಪದ ಮಲ್ಲಿ, ಅಂದರೆ ಕೈಯಲ್ಲಿ ದೀಪ ಹಿಡಿದು ನಿಂತ ಹೆಣ್ಣಿನ ಬೊಂಬೆ. ಮತ್ತೆ ಹೂವು, ಇರುವಂತಿಗೆ. ಅಲ್ಲಿಂದ ಶಿಲಾಲತೆ. ಶಿಲೆ ಎಂದರೆ ಕಲ್ಲು, ಲತೆ ಎಂದರೆ ಬಳ್ಳಿ. ಹೂ ಬಿಡುತ್ತಿದ್ದ ಬಳ್ಳಿ ಕಲ್ಲಾಗಿದೆ. ಆಮೇಲೆ ಮನೆಯಿಂದ ಮನೆಗೆ, ಈ ಹೆಸರು ಕೇಳಿದರೆ ಬಾಡಿಗೆ ಮನೆ ಬದಲಿಸುತ್ತ ಹೋಗುವ ಸಂಸಾರ ಕಣ್ಣಿಗೆ ಬರುತ್ತದೆ. ಆಮೇಲೆ 16 ವರ್ಷ ಹೊಸ ಸಂಕಲನವೇ ಇಲ್ಲ. ಬಂದಾಗ ಅದರ ಹೆಸರು ತೆರೆದ ಬಾಗಿಲು. ಮುಂದೆ ನವಪಲ್ಲವ, ಹೊಸ ಚಿಗುರು. ಕೊನೆಗೆ 78ನೇ ವಯಸ್ಸಿನಲ್ಲಿ ಮತ್ತೆ ಮಲ್ಲಿಗೆ. ಆದರೆ ಈ ಸಲ ದುಂಡುಮಲ್ಲಿಗೆ.

ಇಷ್ಟು ಹೆಸರು ಓದಿದರೇ ಒಬ್ಬ ಮನುಷ್ಯನ ಆಯಸ್ಸು ಕಾಣುತ್ತದೆ.

ಬಳ್ಳಿ ಕಲ್ಲಾದದ್ದು ಯಾಕೆ?

ಇದಕ್ಕೆ ಎರಡು ಕಾರಣ. ಒಂದು ಕಾಲದ್ದು, ಇನ್ನೊಂದು ಮನೆಯದು.

ಕಾಲದ ಕಾರಣ ಹೀಗೆ. 1950ರ ದಶಕದಲ್ಲಿ ಕನ್ನಡ ಕವಿತೆಯ ದಿಕ್ಕೇ ಬದಲಾಯಿತು. ಗೋಪಾಲಕೃಷ್ಣ ಅಡಿಗರ 'ಚಂಡೆಮದ್ದಳೆ' 1954ರಲ್ಲಿ ಬಂತು. ಅದಕ್ಕೂ ಮೊದಲು ಅಡಿಗರೂ ಹಾಡಲು ಬರುವಂಥ ಕವಿತೆ ಬರೆದವರೇ. ಆದರೆ ಸ್ವಾತಂತ್ರ್ಯ ಬಂದ ಮೇಲಿನ ನಿರಾಸೆ, ಪೇಟೆಯ ಬದುಕಿನ ಒಡಕು, ಮನಸ್ಸಿನ ಗೊಂದಲ, ಇದನ್ನೆಲ್ಲ ಹಳೆಯ ಇಂಪಾದ ಧಾಟಿಯಲ್ಲಿ ಹೇಳಲಾಗದು ಎಂದು ಆ ತಲೆಮಾರಿಗೆ ಅನ್ನಿಸಿತು. ಈ ಹೊಸ ದಾರಿಗೆ ನವ್ಯ ಎಂದು ಹೆಸರು. ಪ್ರಾಸ ಸಡಿಲವಾಯಿತು, ಸಾಲು ಉದ್ದ ಗಿಡ್ಡ ಆಯಿತು, ಮಾತು ಒರಟಾಯಿತು.

ಆ ಹೊತ್ತಿಗೆ 'ಮೈಸೂರ ಮಲ್ಲಿಗೆ'ಯ ಕವಿ ಹಳಬರಾಗಿದ್ದರು. ಸುಮ್ಮನೆ ಹಳೆಯ ಹಾಡನ್ನೇ ಹಾಡಿಕೊಂಡಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ, ಪುಸ್ತಕವೂ ಖರ್ಚಾಗುತ್ತಿತ್ತು. ಅವರು ಹಾಗೆ ಮಾಡಲಿಲ್ಲ. 43ನೇ ವಯಸ್ಸಿನಲ್ಲಿ 'ಶಿಲಾಲತೆ' ತಂದು ಹೊಸ ದಾರಿಗೆ ಕಾಲಿಟ್ಟರು. ಈ ಹಂತದ ಅವರ ಹೆಸರಾದ ಕವಿತೆಯೊಂದು 'ಗಡಿಯಾರದಂಗಡಿಯ ಮುಂದೆ'. ಹೆಸರಿನಲ್ಲೇ ನೋಡಿ, ಬಳೆಗಾರ ಬರುವ ಬಾಗಿಲು ಹೋಗಿ ಪೇಟೆಯ ಅಂಗಡಿ ಬಂದಿದೆ. ಬಂಡಿಯ ಗಂಟೆ ಹೋಗಿ ಗಡಿಯಾರ ಬಂದಿದೆ.

ಮನೆಯ ಕಾರಣ ನಮಗೆ ಇನ್ನೂ ಹತ್ತಿರದ್ದು. 27ರ ಹೊಸ ಗಂಡ 43ಕ್ಕೆ ಮಕ್ಕಳೊಂದಿಗ, ಸಂಬಳಗಾರ. ತಿಂಗಳ ಕೊನೆಯ ಲೆಕ್ಕ, ಬಾಡಿಗೆ, ಕಾಯಿಲೆ, ಮಕ್ಕಳ ಫೀಸು. ಕಚೇರಿಗೆ ಹೊತ್ತಿಗೆ ಸರಿಯಾಗಿ ಹೋಗಬೇಕು. ಆಗಲೂ ಹೆಂಡತಿಯ ಮೇಲೆ ಪ್ರೀತಿ ಇರುತ್ತದೆ. ಆದರೆ ಅದು ಮಲ್ಲಿಗೆ ಮುಡಿಸುವ ಪ್ರೀತಿಯಾಗಿ ಕಾಣಿಸುವುದಿಲ್ಲ. ರಾತ್ರಿ ದೀಪ ಆರಿಸಿದ ಮೇಲೆ ಸಾಲದ ಬಗ್ಗೆ ಪಿಸುಮಾತಿನಲ್ಲಿ ಆಡುವ ಮಾತಾಗಿ ಕಾಣಿಸುತ್ತದೆ. ಆ ಮಾತಿಗೆ ಇಂಪಾದ ಪ್ರಾಸ ಹೊಂದುವುದು ಕಷ್ಟ.

ಹನುಮಂತನಗರದಂಥ ಬಡಾವಣೆಗಳಲ್ಲಿ ಇಂಥ ಮನೆಗಳು ನೂರಾರಿದ್ದವು. ಮಂಡ್ಯ, ಹಾಸನ, ತುಮಕೂರು, ಕೋಲಾರದ ಕಡೆಯಿಂದ ಓದು ಮುಗಿಸಿ ಬಂದ ಗುಮಾಸ್ತರು, ಮೇಷ್ಟ್ರುಗಳು, ಕಾರ್ಖಾನೆಯ ನೌಕರರು. ಎರಡು ಕೋಣೆಯ ಬಾಡಿಗೆ ಮನೆ, ಊರಿನಿಂದ ಬರುವ ರಾಗಿ, ಹಬ್ಬಕ್ಕೆ ಊರಿಗೆ ಹೋಗುವ ಬಸ್ಸು. 'ಮೈಸೂರ ಮಲ್ಲಿಗೆ'ಯ ಹಳ್ಳಿಯನ್ನು ಬಿಟ್ಟು ಬಂದವರು ಇವರು. 'ಶಿಲಾಲತೆ', 'ಮನೆಯಿಂದ ಮನೆಗೆ' ಪುಸ್ತಕಗಳ ಕಾಲದಲ್ಲಿ ಬದುಕುತ್ತಿದ್ದವರೂ ಇವರೇ. ಆದರೆ ಸಂಜೆ ಹಾಡು ಕೇಳಲು ಕುಳಿತಾಗ ಇವರಿಗೆ ಬೇಕಾದದ್ದು ಬಿಟ್ಟುಬಂದ ಹಳ್ಳಿ. ಇದನ್ನು ತಪ್ಪು ಎನ್ನಲಾಗದು. ದಿನವಿಡೀ ಗಡಿಯಾರ ನೋಡಿದವನಿಗೆ ಸಂಜೆಯೂ ಗಡಿಯಾರದ ಹಾಡೇ ಬೇಕು ಅನ್ನಿಸುವುದಿಲ್ಲ.

ಹದಿನಾರು ವರ್ಷ, ಆಮೇಲೆ ಬಾಗಿಲು

1960ರಿಂದ 1976ರವರೆಗೆ ಅವರ ಹೊಸ ಕವನ ಸಂಕಲನ ಬರಲಿಲ್ಲ. ನಡುವೆ, 1970ರಲ್ಲಿ, ಕೆಲಸದಿಂದ ನಿವೃತ್ತರಾದರು. 61ನೇ ವಯಸ್ಸಿನಲ್ಲಿ 'ತೆರೆದ ಬಾಗಿಲು' ಬಂತು. ಮರುವರ್ಷ, 1977ರಲ್ಲಿ, ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಿಕ್ಕಿತು.

ಇಲ್ಲೊಂದು ಸಂಗತಿ ಗಮನಿಸಿ. ಅವರಿಗೆ ದೇಶಮಟ್ಟದ ಸಾಹಿತ್ಯ ಪ್ರಶಸ್ತಿ ತಂದುಕೊಟ್ಟದ್ದು ಮನೆಮನೆಯ ಮಾತಾದ 'ಮೈಸೂರ ಮಲ್ಲಿಗೆ' ಅಲ್ಲ, 'ತೆರೆದ ಬಾಗಿಲು'. ವಿಮರ್ಶಕರು, ಕವಿಗಳು ಆ ಪುಸ್ತಕವನ್ನು ಮೆಚ್ಚಿದರು. ಆದರೆ ಹಾಡುವವರ ಬಾಯಿಗೆ 1942ರ ಪುಸ್ತಕ ಬಂದಷ್ಟು ಅದು ಬರಲಿಲ್ಲ. ಒಬ್ಬ ಕವಿಗೆ ಎರಡು ಲೆಕ್ಕದ ಪುಸ್ತಕ ತೆರೆದ ಹಾಗಾಯಿತು. ಓದುವವರ ಲೆಕ್ಕದಲ್ಲಿ ಅವರಿಗೆ 61 ವರ್ಷ. ಕೇಳುವವರ ಲೆಕ್ಕದಲ್ಲಿ ಇನ್ನೂ 27.

ಕ್ಯಾಸೆಟ್ ಬಂತು

ಕೇಳುವವರ ಲೆಕ್ಕ ಅಲ್ಲಿಗೇ ನಿಲ್ಲಲು ಮುಖ್ಯ ಕಾರಣ ಕ್ಯಾಸೆಟ್.

ಮೊದಲು ಭಾವಗೀತೆ ಹರಡಿದ್ದು ಸಭೆ ಮತ್ತು ರೇಡಿಯೋ ಮೂಲಕ. ಉಡುಪಿ ಕಡೆಯ ಪಿ. ಕಾಳಿಂಗರಾಯರು ಸೋಹನಕುಮಾರಿ, ಮೋಹನಕುಮಾರಿ ಅವರನ್ನು ಜೊತೆಗಿಟ್ಟುಕೊಂಡು ಕನ್ನಡದ ಕವಿತೆಗಳನ್ನು ಊರೂರಿಗೆ ಹಾಡಿಕೊಂಡು ಹೋದರು. ಆಮೇಲೆ ಮೈಸೂರು ಅನಂತಸ್ವಾಮಿ ಬಂದರು. ಈಗ ನಾವು ಶಾಲೆಯಲ್ಲಿ ಹಾಡುವ ನಾಡಗೀತೆಗೆ 2022ರಲ್ಲಿ ಸರ್ಕಾರ ಅಧಿಕೃತ ಎಂದು ಒಪ್ಪಿದ್ದು ಇವರ ಧಾಟಿಯನ್ನೇ. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' ಕ್ಯಾಸೆಟ್ ಬಂತು. ಕನ್ನಡ ಭಾವಗೀತೆಯ ಮೊದಲ ಕ್ಯಾಸೆಟ್ ಅದು. ಅಲ್ಲಿಂದ ಮುಂದೆ ಕವಿತೆ ಅಂಗಡಿಯಲ್ಲಿ ಸಿಗುವ ಸಾಮಾನಾಯಿತು. ಟೇಪ್ ರೆಕಾರ್ಡರ್ ಇದ್ದ ಹಳ್ಳಿಯ ಮನೆಗೂ ತಲುಪಿತು.

ನರಸಿಂಹಸ್ವಾಮಿಯವರ ಕವಿತೆಗಳಿಗೆ ಅನಂತಸ್ವಾಮಿ ರಾಗ ಹಾಕಿದರು, ಅಶ್ವಥ್ ರಾಗ ಹಾಕಿದರು. ಇಬ್ಬರೂ ಹೆಚ್ಚು ಆರಿಸಿಕೊಂಡದ್ದು ಮೊದಲ ಕಾಲದವನ್ನು. ಅದಕ್ಕೆ ಸರಳ ಕಾರಣವೂ ಇದೆ. ಆ ಕವಿತೆಗಳಲ್ಲಿ ಪಲ್ಲವಿಯಂತೆ ಮರಳಿ ಬರುವ ಸಾಲಿದೆ, ಸಮವಾದ ಮಾತ್ರೆ ಇದೆ, ಪ್ರಾಸ ಇದೆ. ತಬಲಾ ಮೇಲೆ ಸಲೀಸಾಗಿ ಕೂರುತ್ತವೆ. ನವ್ಯದ ಏರುಪೇರಿನ ಸಾಲನ್ನು ತಾಳಕ್ಕೆ ಕೂರಿಸುವುದು ಕಷ್ಟದ ಕೆಲಸ. ಕೊಳ್ಳುವವರು ಕೇಳುವುದೂ ಗೊತ್ತಿದ್ದದ್ದನ್ನೇ. ಹೀಗಾಗಿ ರಾಗ ಸಿಕ್ಕ ಹಾಡು ಉಳಿಯಿತು, ರಾಗ ಸಿಗದ್ದು ಪುಸ್ತಕದಲ್ಲೇ ಕುಳಿತಿತು.

ಮಾತು ಅದೇ, ಅರ್ಥ ಬೇರೆ

ಆದರೆ ಹಳೆಯ ಹಾಡು ಹಾಗೇ ಉಳಿಯಿತೇ? ಇಲ್ಲ. ಒಂದಕ್ಷರ ಬದಲಾಗದೆಯೂ ಅದು ಬೇರೆಯ ಹಾಡಾಯಿತು.

ಬರೆದಾಗ ಅದು ಹರೆಯದವನ ಇವತ್ತಿನ ಮಾತು. ಹಾಡಿದಾಗ ನಡುವಯಸ್ಸು ದಾಟಿದವರ ನೆನಪಿನ ಮಾತು. ಟಿ.ಎಸ್. ನಾಗಾಭರಣ ನಿರ್ದೇಶನದ 'ಮೈಸೂರ ಮಲ್ಲಿಗೆ' ಸಿನಿಮಾ 1992ರಲ್ಲಿ ತೆರೆಗೆ ಬಂದಾಗ ಅದಕ್ಕೆ ಸಂಗೀತ ಕೊಟ್ಟ ಅಶ್ವಥ್ ಅವರಿಗೆ 52 ವರ್ಷ. ಅವರ ದನಿಯಲ್ಲಿ ಸಂತೋಷದ ಹಾಡಿಗೂ ಒಂದು ಹಂಬಲ ಅಂಟಿಕೊಂಡಿರುತ್ತದೆ. ಕೇಳುವವರಿಗೆ ಗಂಟಲು ಬಿಗಿಯುವುದು ಅದಕ್ಕೇ.

ಹಾಡಿನೊಳಗಿನ ಹಳ್ಳಿಯೂ ಅಷ್ಟರಲ್ಲಿ ಬದಲಾಗಿತ್ತು. ಶಾನುಭೋಗಿಕೆ, ಪಟೇಲಿಕೆಗಳನ್ನು ರದ್ದು ಮಾಡುವ ಕಾಯ್ದೆ 1961ರಲ್ಲೇ ಆಗಿತ್ತು. ಶಾನುಭೋಗರ ಜಾಗಕ್ಕೆ ಸಂಬಳದ ಗ್ರಾಮಲೆಕ್ಕಿಗರು ಬಂದಿದ್ದರು. ಕ್ಯಾಸೆಟ್ಟಿನಲ್ಲಿ ಶಾನುಭೋಗರ ಮಗಳ ಹಾಡು ಕೇಳಿದ ಎಷ್ಟೋ ಹುಡುಗರು ಕೆಲಸದಲ್ಲಿರುವ ಶಾನುಭೋಗರನ್ನು ಕಂಡವರೇ ಅಲ್ಲ.

ಮಾವನ ಮನೆಗೆ ಬಂದ ರಾಯರ ಹಾಡನ್ನೂ ನೋಡಿ. ದಾರಿಯ ಕಷ್ಟ ಪಟ್ಟು ಅಳಿಯ ಬರುತ್ತಾನೆ. ಉಪಚಾರವೆಲ್ಲ ನಡೆಯುತ್ತದೆ. ಹೆಂಡತಿ ಮಾತ್ರ ಕಣ್ಣಿಗೆ ಬೀಳುವುದಿಲ್ಲ. ಆಕೆ ತಿಂಗಳ ಮುಟ್ಟಿನಿಂದ ಹೊರಗಿದ್ದಾಳೆ ಎಂಬುದು ಹಾಡು ಬಾಯಿಬಿಟ್ಟು ಹೇಳದೆ ಹೇಳುವ ತಮಾಷೆ. ಹಿಂದಿನವರು ಕೇಳಿದ ತಕ್ಷಣ ನಕ್ಕರು. ಈಗ ನಮ್ಮ ಊರಿನ ಕಾಲೇಜು ಹುಡುಗಿಯರಲ್ಲಿ ಕೆಲವರಿಗೆ ಅದು ಅರ್ಥವೇ ಆಗುವುದಿಲ್ಲ. ಅರ್ಥವಾದವರಲ್ಲಿ ಕೆಲವರಿಗೆ ನಗು ಬರುವುದಿಲ್ಲ. ಆ ಮೂರು ದಿನ ಹೊರಗೆ ಕೂತವಳ ಕಡೆಯಿಂದ ಹಾಡು ಬರೆದಿದ್ದರೆ ಹೇಗಿರುತ್ತಿತ್ತು ಎಂದು ಅವರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ ಅದು. ಹಾಡು ಚೆಂದ ಎಂದ ಮಾತ್ರಕ್ಕೆ ಪ್ರಶ್ನೆ ಕೇಳಬಾರದು ಎಂದೇನಿಲ್ಲ.

50 ವರ್ಷದ ಹಿಂದಿನ ಮಾತಿಗೆ ಪ್ರಶಸ್ತಿ

'ಮೈಸೂರ ಮಲ್ಲಿಗೆ' ಸಿನಿಮಾಕ್ಕೆ 1991ನೇ ಸಾಲಿನ ರಾಷ್ಟ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಕನ್ನಡ ಚಿತ್ರ ಎಂಬ ಗೌರವ ಸಿಕ್ಕಿತು. ನರಸಿಂಹಸ್ವಾಮಿಯವರಿಗೆ ಅತ್ಯುತ್ತಮ ಗೀತರಚನೆಯ ರಾಷ್ಟ್ರ ಪ್ರಶಸ್ತಿ ಬಂತು. ದೇಶವೆಲ್ಲ ಅವರನ್ನು ಗುರುತಿಸಿದ್ದು ಸಂತೋಷದ ಸಂಗತಿಯೇ. ಆದರೆ ಲೆಕ್ಕ ಹಾಕಿ. 75 ದಾಟಿದ ಕವಿಯನ್ನು ಅರ್ಧ ಶತಮಾನ ಹಿಂದೆ ಹುಡುಗನಾಗಿದ್ದಾಗ ಆಡಿದ ಮಾತಿಗಾಗಿ ಗೌರವಿಸಿದ್ದು ಅದು.

ಸಿನಿಮಾ ತೆರೆಗೆ ಬಂದ ಮರುವರ್ಷವೇ, 1993ರಲ್ಲಿ, ಅವರ ಹೊಸ ಪುಸ್ತಕ 'ದುಂಡುಮಲ್ಲಿಗೆ' ಬಂತು. ಅದಕ್ಕೆ ಪಂಪ ಪ್ರಶಸ್ತಿಯೂ ಸಿಕ್ಕಿತು. ಕೇಳುಗರಿಗೆ ಮಲ್ಲಿಗೆಯೇ ಬೇಕು ಎಂದರೆ ಸರಿ, ಇಗೋ ಮಲ್ಲಿಗೆ, ಆದರೆ ನನ್ನ ಈಗಿನ ವಯಸ್ಸಿನದು ಎಂದು ಕವಿ ಎದುರಿಗೆ ಹಿಡಿದಂತೆ ಆ ಹೆಸರು ನಮಗೆ ಕಾಣುತ್ತದೆ. ನಿಮಗೆ ಗೊತ್ತಿರುವ ಅವರ ಹಾಡುಗಳನ್ನು ಬೆರಳು ಮಡಚಿ ಎಣಿಸಿ. ಅದರಲ್ಲಿ 'ದುಂಡುಮಲ್ಲಿಗೆ'ಯವು ಎಷ್ಟು?

ರಾಗ ಹಾಕಿದವರು ಬದಲಾಗಬಹುದಿತ್ತು

ತಂಡದ ಇನ್ನೊಬ್ಬ ಸದಸ್ಯ ಅಶ್ವಥ್ ಅವರ ಕತೆ ಪಕ್ಕದಲ್ಲಿಟ್ಟರೆ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. 1939ರ ಡಿಸೆಂಬರ್ 29ರಂದು ಹುಟ್ಟಿದವರು. ಕಾರ್ಖಾನೆಯ ಕೆಲಸದ ಜೊತೆಗೇ ನಾಟಕಗಳಿಗೆ ಸಂಗೀತ ಕೊಟ್ಟರು. ಗವಿಪುರದಲ್ಲಿ ನೆಲೆಸಿದ್ದ ಮಾಸ್ತಿಯವರ ನಾಟಕ ಆಧರಿಸಿದ 'ಕಾಕನಕೋಟೆ' ಚಿತ್ರದಿಂದ ಸಿನಿಮಾಕ್ಕೆ ಬಂದರು. ಎಲ್. ವೈದ್ಯನಾಥನ್ ಜೊತೆ ಸೇರಿ 'ಅಶ್ವಥ್–ವೈದಿ' ಎಂಬ ಜೋಡಿಯಾದರು, ಮುಂದೆ ಒಬ್ಬರೇ ನಡೆದರು. 1990ರ 'ಸಂತ ಶಿಶುನಾಳ ಶರೀಫ' ಚಿತ್ರದಲ್ಲಿ ಹಾವೇರಿ ಕಡೆಯ ತತ್ವಪದಗಳನ್ನು ಗಂಟಲು ಬಿಚ್ಚಿ ಹಾಡಿದರು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ 'ಕನ್ನಡವೇ ಸತ್ಯ' ಕಾರ್ಯಕ್ರಮಕ್ಕೆ ಭಾರಿ ಜನ ಸೇರಿಸಿದರು. 2009ರಲ್ಲಿ, ತಮ್ಮ ಹುಟ್ಟುಹಬ್ಬದ ದಿನವೇ, ತೀರಿಕೊಂಡರು.

ನಾಟಕದಿಂದ ಸಿನಿಮಾಕ್ಕೆ, ಮಲ್ಲಿಗೆಯಿಂದ ತತ್ವಪದಕ್ಕೆ, ಸಣ್ಣ ಸಭೆಯಿಂದ ಮೈದಾನಕ್ಕೆ ಅವರು ಬದಲಾಗುತ್ತ ಹೋದರು. ಜನ ಜೊತೆಗೇ ಹೋದರು. ಯಾಕೆಂದರೆ ಅವರಿಗೆ ತಮ್ಮ ಈಗಿನ ವಯಸ್ಸಿಗೆ ಒಪ್ಪುವ ಮಾತನ್ನು ಬೇರೆ ಕವಿಯಿಂದ ತಂದುಕೊಳ್ಳಲು ಅವಕಾಶ ಇತ್ತು. ಮನೆಯ ಸೋರುವ ಮಾಳಿಗೆಯನ್ನು ಮನಸ್ಸಿಗೆ ಹೋಲಿಸಿದ ಶರೀಫರ ಪದ 50 ದಾಟಿದವರ ಬಾಯಲ್ಲಿ ಒಪ್ಪುತ್ತದೆ. ಆಮೇಲೆ ಬಂದ ರಘು ದೀಕ್ಷಿತ್ ಅವರ ತಂಡದಂಥ ಹೊಸ ಹುಡುಗರು ಗಿಟಾರ್ ಹಿಡಿದು ಅದೇ ಶರೀಫರನ್ನು ಹಾಡಿದಾಗಲೂ ಜನ ಕೇಳಿದರು. ಶರೀಫರು 1819ರಿಂದ 1889ರವರೆಗೆ ಬದುಕಿದ್ದವರು. ಅಂದರೆ ಹಳೆಯ ಮಾತು, ಕಷ್ಟದ ಮಾತು, ವಯಸ್ಸಾದ ಮಾತು ಜನಕ್ಕೆ ಬೇಡ ಎಂಬುದು ಸುಳ್ಳು. ಸರಿಯಾದ ರಾಗ ಸಿಕ್ಕರೆ ಬೇಕು.

ಹಾಗಿದ್ದ ಮೇಲೆ ನರಸಿಂಹಸ್ವಾಮಿಯವರ 61ರ, 78ರ ಮಾತಿಗೂ ಅದೇ ಅದೃಷ್ಟ ಸಿಗಬಹುದಿತ್ತು.

ಇದು ನಮ್ಮ ಊರಿಗೆ ಯಾಕೆ ಬೇಕು?

ಹಾಡು ಹಳೆಯದಾದರೇನು, ಚೆನ್ನಾಗಿದೆಯಲ್ಲ, ಅಷ್ಟು ಸಾಲದೇ ಎಂದು ನೀವು ಕೇಳಬಹುದು. 80 ವರ್ಷ ದಾಟಿದರೂ ಬಾಡದ ಹಾಡು ಬರೆದದ್ದು ಕವಿಯ ಗೆಲುವೇ. ಅದನ್ನು ಅಲ್ಲಗಳೆಯುವ ಉದ್ದೇಶ ನಮಗಿಲ್ಲ.

ಆದರೆ ನಮ್ಮ ಊರುಗಳನ್ನು ಒಮ್ಮೆ ನೋಡಿ. ಈಗ ಹಳ್ಳಿಯಲ್ಲಿ ಹೆಚ್ಚಾಗಿ ಉಳಿದವರು ಯಾರು? ಮಕ್ಕಳನ್ನು ಬೆಂಗಳೂರಿಗೆ ಕಳಿಸಿದ ಅಪ್ಪ ಅಮ್ಮಂದಿರು. ಬೀದಿಗೆ ಮೂರು ಮನೆಯಲ್ಲಿ ಇಬ್ಬರೇ. ಅವರಿಗೆ ಮದುವೆಯಾಗಿ 40 ವರ್ಷ ಆಗಿದೆ. ಅವನ ಸಕ್ಕರೆ ಕಾಯಿಲೆಯ ಮಾತ್ರೆ ಅವಳು ನೆನಪಿಸುತ್ತಾಳೆ. ಅವಳ ಮಂಡಿ ನೋವಿಗೆ ಅವನು ಎಣ್ಣೆ ಕಾಯಿಸುತ್ತಾನೆ. ಸಂಜೆ ಮಗನ ಫೋನು ಬರುತ್ತದೆಯೋ ಎಂದು ಇಬ್ಬರೂ ಸುಮ್ಮನೆ ಕಾಯುತ್ತಾರೆ. ಇದೂ ದಾಂಪತ್ಯ. ಇದೂ ಪ್ರೇಮ. ಇವರಿಗೆ ಹಾಡು ಯಾವುದು?

ಮೊದಲ ರಾತ್ರಿಗೆ, ಮೊದಲ ದೀಪಾವಳಿಗೆ, ಮೊದಲ ತವರಿಗೆ ನಮ್ಮಲ್ಲಿ ಹಾಡಿದೆ. ನಲವತ್ತನೆಯ ವರ್ಷಕ್ಕೆ ನಮ್ಮ ನಾಲಗೆಯ ಮೇಲೆ ಹಾಡಿಲ್ಲ. ಕನ್ನಡದ ಪ್ರೇಮಕವಿ ಎಂದು ಕರೆಸಿಕೊಂಡವರು ಆ ವಯಸ್ಸನ್ನು ದಾಟಿ ಇನ್ನೂ ಮುಂದೆ ಹೋಗಿ ಬರೆಯುತ್ತಲೇ ಇದ್ದರು. ಅವರ ಕೊನೆಯ ವರ್ಷಗಳ ಒಂದು ಪುಸ್ತಕದ ಹೆಸರೇ 'ಸಂಜೆ ಹಾಡು'. ಇನ್ನೊಂದು 'ದೀಪಸಾಲಿನ ನಡುವೆ'. ಹಾಡು ಬರೆದದ್ದಾಗಿದೆ. ದನಿ ಮಾತ್ರ ಸಿಗಬೇಕು.

ಹಾಗಾಗಿ ಒಂದು ಕೆಲಸ ಹೇಳುತ್ತೇವೆ. ನಿಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲೋ ತಾಲೂಕು ಗ್ರಂಥಾಲಯದಲ್ಲೋ 'ಮಲ್ಲಿಗೆಯ ಮಾಲೆ' ಕೇಳಿ ನೋಡಿ. ಅವರ ಹಲವು ಸಂಕಲನಗಳು ಒಟ್ಟಿಗೆ ಇರುವ ದಪ್ಪ ಪುಸ್ತಕ ಅದು. ಮೊದಲ ಪುಟಗಳು ನಿಮಗೆ ಬಾಯಿಪಾಠ ಇರಬಹುದು. ಅವನ್ನು ದಾಟಿ 'ಶಿಲಾಲತೆ'ಗೆ ಬನ್ನಿ, 'ತೆರೆದ ಬಾಗಿಲಿ'ಗೆ ಬನ್ನಿ. ಕೆಲವು ಕವಿತೆ ಮೊದಲ ಓದಿಗೆ ಬಿಗಿ ಅನ್ನಿಸುತ್ತದೆ. ಜೋರಾಗಿ ಓದಿ, ಎರಡನೇ ಸಲ ಸಡಿಲವಾಗುತ್ತದೆ.

ನಿಮ್ಮ ಊರಿನ ಭಜನೆ ಮಂಡಳಿಯವರು, ಹಾರ್ಮೋನಿಯಂ ಮೇಷ್ಟ್ರು, ಸೋಬಾನೆ ಹೇಳುವ ಅಜ್ಜಿ, ಶಾಲೆಯ ಸಂಗೀತದ ಟೀಚರ್, ಯಾರಾದರೂ ಅದರಲ್ಲೊಂದನ್ನು ಆರಿಸಿ ರಾಗ ಹಾಕಿ ನೋಡಲಿ. ಮಾತ್ರೆ ಕೂಡಿ ಬರದಿದ್ದರೆ ತತ್ವಪದದವರ ಹಾಗೆ ಎಳೆದು ಹಾಡಲಿ. ಏಕತಾರಿ ಇದ್ದರೂ ಸಾಕು. ಮೊದಲು ಹಾಡಿ ಕೇಳಿಸಬೇಕಾದದ್ದು ಮದುವೆ ಮನೆಯಲ್ಲಲ್ಲ, ಜಗುಲಿಯ ಮೇಲೆ ಇಬ್ಬರೇ ಕುಳಿತಿರುವ ಆ ಮನೆಗಳಲ್ಲಿ.